ಚೀಟಿ, ಗಿಳಿ ಮತ್ತು ಟ್ಯಾರೋ: ಭವಿಷ್ಯದ ಪ್ರಶ್ನೆ ಹಾಗೂ ಧರ್ಮಸಭೆಯ ವಿವೇಚನೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರನ್ನು ನೆಚ್ಚಿ ಬದುಕುವ ಗಡಿನಾಡು. ಇಲ್ಲಿ ಭವಿಷ್ಯವನ್ನು ಕೇಳುವ ರೂಢಿಗೆ ದೀರ್ಘ ಇತಿಹಾಸವಿದೆ. ಸಂತೆಯಲ್ಲಿ ಪಂಜರದ ಗಿಳಿ ಹೊರಬಂದು ಚೀಟಿಯೊಂದನ್ನು ಎತ್ತಿಕೊಡುತ್ತದೆ. ನಸುಕಿನಲ್ಲಿ ಬುಡಬುಡಿಕೆಯವನು ಮನೆಬಾಗಿಲಲ್ಲಿ ಶಕುನ ನುಡಿಯುತ್ತಾನೆ. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಎರಡು ರಾಜ್ಯಗಳ ಭಕ್ತರು ಸೇರುತ್ತಾರೆ. ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಪಟ್ಟಣಕೊಡೋಲಿಯ ವಿಠ್ಠಲ ಬೀರದೇವರ ಜಾತ್ರೆಯಲ್ಲಿ ವರ್ಷದ ಮಳೆ-ಬೆಳೆಯ ಭವಿಷ್ಯವಾಣಿಯನ್ನು ಜನಸ್ತೋಮ ಕಿವಿಗೊಟ್ಟು ಕೇಳುತ್ತದೆ. ಇದೇ ನಾಡಿನ ಯುವಕ ಯುವತಿಯರ ಮೊಬೈಲಿನಲ್ಲಿ ಈಗ ಟ್ಯಾರೋ ಎಂಬ ಚಿತ್ರಪತ್ರಗಳೂ ಕಾಣಿಸಿಕೊಂಡಿವೆ. ಜ್ಞಾನಸ್ನಾನ ಪಡೆದವರು ಇವುಗಳಲ್ಲಿ ಆಸಕ್ತಿ ವಹಿಸಬಹುದೇ ಎಂಬ ಪ್ರಶ್ನೆ ಗುರುಗಳ ಮುಂದೆ ಬಂದಾಗ ‘ಪಾಪ’ ಎಂಬ ಒಂದೇ ಮಾತು ಉತ್ತರಕ್ಕೆ ಸಾಲದು. ‘ಏನೂ ಆಗುವುದಿಲ್ಲ ಬಿಡಿ’ ಎಂಬ ಮಾತಂತೂ ಉತ್ತರವೇ ಅಲ್ಲ. ಆದುದರಿಂದ ನಾವು ಇಲ್ಲಿ ಚರಿತ್ರೆಯನ್ನು ಸಾಕ್ಷಿಗೆ ಕರೆಯುತ್ತೇವೆ.

ಮೊದಲು ಟ್ಯಾರೋ ಪತ್ರಗಳ ಹುಟ್ಟನ್ನು ನೋಡೋಣ. ಅವು ಹುಟ್ಟಿದ್ದು ಈಜಿಪ್ಟಿನ ದೇವಾಲಯಗಳಲ್ಲಿ ಅಲ್ಲ, 1440ರ ಸುಮಾರಿಗೆ ಉತ್ತರ ಇಟಲಿಯ ಅರಮನೆಗಳಲ್ಲಿ. ಒಟ್ಟು 78 ಎಲೆಗಳು. ಅವುಗಳಲ್ಲಿ 22 ವಿಶೇಷ ಚಿತ್ರಪತ್ರಗಳು. ಜಗದ್ಗುರು, ನ್ಯಾಯ, ಸ್ಥೈರ್ಯ, ಮಿತಸಂಯಮ, ಮರಣ, ಕಹಳೆಯೂದುವ ದೂತನ ಮುಂದೆ ಸಮಾಧಿಯಿಂದೇಳುವ ಮೃತರು, ಹೀಗೆ ಅವುಗಳ ಚಿತ್ರಗಳಲ್ಲಿ ಹಲವು ಅಂದಿನ ಕ್ರೈಸ್ತ ಕಲ್ಪನಾಲೋಕದಿಂದಲೇ ಬಂದವು. ಆದರೆ ಜನರು ಅವುಗಳಿಂದ ಮಾಡುತ್ತಿದ್ದುದು ಆಟವನ್ನೇ ಹೊರತು ಧ್ಯಾನವನ್ನಾಗಲಿ ಭವಿಷ್ಯಕಥನವನ್ನಾಗಲಿ ಅಲ್ಲ. ನಿಪ್ಪಾಣಿಯಿಂದ ಅಂಬೋಲಿ ಘಾಟಿಯನ್ನಿಳಿದರೆ ಸಿಗುವ ಸಾವಂತವಾಡಿಯ ಗಂಜೀಫಾ ಇದಕ್ಕೆ ನಮ್ಮ ನೆರೆಯ ಹೋಲಿಕೆ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳ ಹೆಸರಿನ ಹತ್ತು ಬಣಗಳು, ಒಂದೊಂದರಲ್ಲಿ ಹನ್ನೆರಡರಂತೆ 120 ದುಂಡನೆಯ ಎಲೆಗಳಿವೆ. ಎಲೆಯ ಮೇಲೆ ದೇವರ ಚಿತ್ರವಿದ್ದ ಮಾತ್ರಕ್ಕೆ ಆಟವು ಶಾಸ್ತ್ರವಾಗಲಿಲ್ಲ.

ಧರ್ಮಸಭೆಯ ಬೋಧಕರು ಅಂದು ಇಸ್ಪೀಟನ್ನು ಖಂಡಿಸಿದ್ದು ನಿಜ. ಸಿಯೆನ್ನಾದ ಸಂತ ಬೆರ್ನಾರ್ದೀನರು 1423ರಲ್ಲಿ ಬೊಲೋನ್ಯದಲ್ಲಿ ಮಾಡಿದ ಪ್ರಬೋಧನೆ ಪ್ರಸಿದ್ಧವಾದದ್ದು. ಆದರೆ ಅವರ ಆಕ್ಷೇಪವಿದ್ದುದು ಜೂಜಿನ ಮೇಲೆ, ಅದರಿಂದ ಹಾಳಾಗುವ ಸಂಸಾರಗಳ ವಿಷಯವಾಗಿ. ಟ್ಯಾರೋಗೆ ಗೂಢವಿದ್ಯೆಯ ಉಡುಪು ತೊಡಿಸಿದವನು 1781ರಲ್ಲಿ ಪ್ಯಾರಿಸಿನಲ್ಲಿ ಬರೆದ ಆಂತ್ವಾನ್ ಕೂರ್ ದ ಜೆಬೆಲಿನ್. ಆತನು ಪ್ರೊಟೆಸ್ಟೆಂಟ್ ಪಾಳಕನಾಗಿ ಅಭಿಷೇಕ ಪಡೆದಿದ್ದವನು. ಈಜಿಪ್ಟಿನ ಲಿಪಿಯನ್ನು ಯಾರೂ ಓದಲಾರದ ಕಾಲದಲ್ಲಿ, ಈ ಎಲೆಗಳು ಈಜಿಪ್ಟಿನ ಪುರೋಹಿತರ ಗುಪ್ತಗ್ರಂಥವೆಂದು ಆತನು ಸಾರಿದನು. ಬಳಿಕ ಎತ್ತೆಲ್ಲಾ ಎಂಬ ಹೆಸರಿನಿಂದ ಬರೆದವನು ಅದನ್ನು ಭವಿಷ್ಯ ಹೇಳುವ ವೃತ್ತಿಯಾಗಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಎಲಿಫಾಸ್ ಲೇವಿಯು 22 ಚಿತ್ರಗಳನ್ನು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೆ ಹೊಂದಿಸಿದನು. ಅವನೂ ಗುರುಮಠದಲ್ಲಿ ಓದಿ, ಉಪಯಾಜಕ ದೀಕ್ಷೆ ಪಡೆದು, ಯಾಜಕನಾಗುವ ಮುನ್ನ ಹೊರಬಂದವನು. ಇಂದು ಎಲ್ಲೆಡೆ ಕಾಣುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಅವುಗಳನ್ನು ಬರೆದ ಪಮೇಲಾ ಕೋಲ್ಮನ್ ಸ್ಮಿತ್ 1911ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು.

ಈ ಪ್ರಾಚೀನತೆಯ ಕಥೆಯನ್ನು ಕೂಲಂಕಷವಾಗಿ ಶೋಧಿಸಿ, ಟ್ಯಾರೋ ಮೂಲತಃ ಆಟವೆಂದು 1980ರ ತಮ್ಮ ಬೃಹದ್ಗ್ರಂಥದಲ್ಲಿ ತೋರಿಸಿಕೊಟ್ಟವರು ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಮೈಕಲ್ ಡಮ್ಮೆಟ್. ಅವರೂ ಶ್ರದ್ಧಾವಂತ ಕಥೋಲಿಕರೇ. ಇನ್ನೊಂದೆಡೆ, ಗೂಢವಿದ್ಯೆಯ ಹಾದಿಯಿಂದ ಕಥೋಲಿಕ ವಿಶ್ವಾಸಕ್ಕೆ ಬಂದ ವಾಲೆಂಟಿನ್ ಟೋಂಬರ್ಗ್ 1967ರಲ್ಲಿ ಮುಗಿಸಿದ ಗ್ರಂಥವು 22 ಚಿತ್ರಗಳನ್ನು ಕ್ರೈಸ್ತ ಧ್ಯಾನದ ವಸ್ತುವಾಗಿಸಿಕೊಂಡಿತು. ಲೇಖಕರ ಹೆಸರಿಲ್ಲದೆ ಪ್ರಕಟವಾದ ಆ ಗ್ರಂಥಕ್ಕೆ ದೈವಶಾಸ್ತ್ರಜ್ಞ ಹಾನ್ಸ್ ಉರ್ಸ್ ಫಾನ್ ಬಾಲ್ತಸಾರ್ ಮುನ್ನುಡಿ ಬರೆದರು. ಮುನ್ನುಡಿಯು ಧರ್ಮಸಭೆಯ ಅಧಿಕೃತ ಮುದ್ರೆಯಲ್ಲ. ಆದರೂ ಎಲೆಯನ್ನು ಶೋಧಿಸುವುದು, ಚಿತ್ರವನ್ನು ಧ್ಯಾನಿಸುವುದು, ಎಲೆಯನ್ನು ಪ್ರಶ್ನೆ ಕೇಳುವುದು, ಇವು ಮೂರು ಬೇರೆ ಬೇರೆ ಕ್ರಿಯೆಗಳೆಂಬುದನ್ನು ಈ ಇಬ್ಬರ ಉದಾಹರಣೆ ನಮಗೆ ತೋರಿಸುತ್ತದೆ.

ಈ ಮೂರನೆಯ ಕ್ರಿಯೆಯ ವಿಷಯದಲ್ಲಿ ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದೆ. ಧರ್ಮೋಪದೇಶಕಾಂಡದ 18ನೆಯ ಅಧ್ಯಾಯ ಕಣಿ, ಶಕುನ, ಮಾಟಗಳನ್ನು ನಿಷೇಧಿಸುತ್ತದೆ. ಎಫೆಸದಲ್ಲಿ ವಿಶ್ವಾಸಿಗಳಾದವರು ಐವತ್ತು ಸಾವಿರ ಬೆಳ್ಳಿ ನಾಣ್ಯಗಳ ಬೆಲೆಯ ಮಾಂತ್ರಿಕ ಗ್ರಂಥಗಳನ್ನು ಸುಟ್ಟರು. 1992ರ ಧರ್ಮೋಪದೇಶ ಸಂಗ್ರಹವು 2116ನೆಯ ಪರಿಚ್ಛೇದದಲ್ಲಿ ಜಾತಕ, ಹಸ್ತಸಾಮುದ್ರಿಕ, ಶಕುನ, ಚೀಟಿಗಳ ಮೂಲಕ ಭವಿಷ್ಯ ತಿಳಿಯುವ ಎಲ್ಲ ಬಗೆಗಳನ್ನೂ ತಿರಸ್ಕರಿಸುತ್ತದೆ. ಕಾಲದ ಮೇಲೆ, ಚರಿತ್ರೆಯ ಮೇಲೆ, ಕೊನೆಗೆ ಇತರರ ಮೇಲೆ ಅಧಿಕಾರ ಹಿಡಿಯುವ ಬಯಕೆಯನ್ನು ಅವುಗಳಲ್ಲಿ ಗುರುತಿಸುತ್ತದೆ.

ಆದರೆ ಅದೇ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಮತ್ತೀಯನು ಚೀಟಿಯಿಂದಲೇ ಆಯ್ಕೆಯಾದನಲ್ಲವೇ? ಸಂತ ಅಗಸ್ತೀನರ ಮನಃಪರಿವರ್ತನೆಯೂ ಪುಸ್ತಕವನ್ನು ತೆರೆದಲ್ಲಿ ಕಣ್ಣಿಗೆ ಬಿದ್ದ ರೋಮನರ ಪತ್ರದ ವಾಕ್ಯದಿಂದ ಪೂರ್ಣಗೊಂಡಿತಲ್ಲವೇ? ಇದೇ ಅಗಸ್ತೀನರು ಯೌವನದಲ್ಲಿ ಜ್ಯೋತಿಷ್ಯಕ್ಕೆ ಮನಸೋತು ಬಿಡುಗಡೆ ಪಡೆದವರು. ಮುಂದೆ ಧರ್ಮಾಧ್ಯಕ್ಷರಾಗಿ, ಶುಭಸಂದೇಶದ ಪುಟಗಳಿಂದ ಲೌಕಿಕ ವ್ಯವಹಾರದ ಶಕುನ ನೋಡುವುದು ತಮಗೆ ಹಿಡಿಸದೆಂದು ಅವರು ಪತ್ರವೊಂದರಲ್ಲಿ ಬರೆದರು. 506ರ ಆಗ್ಡ್ ಧರ್ಮಸಮ್ಮೇಳನವು ಪವಿತ್ರಗ್ರಂಥದ ಹೆಸರಿನಲ್ಲಿ ನಡೆಯುವ ಶಕುನಪ್ರಶ್ನೆಯನ್ನು ನಿಷೇಧಿಸಿತು. ಗ್ರಂಥವು ಪವಿತ್ರವಾಗಿದ್ದರೂ ಕೇಳುವ ಬಗೆ ಅಪವಿತ್ರವಾಗಬಹುದೆಂಬುದು ಅಂದಿನ ತೀರ್ಮಾನ.

ಸಂತ ಥಾಮಸ್ ಅಕ್ವಿನಾಸರು ಚೀಟಿಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಯಾರಿಗೆ ಏನು ಸೇರಬೇಕೆಂದು ಹಂಚುವುದು ಮೊದಲನೆಯದು. ಏನು ಮಾಡಬೇಕೆಂದು ಕೇಳುವುದು ಎರಡನೆಯದು. ಏನಾಗುವುದೆಂದು ತಿಳಿಯುವುದು ಮೂರನೆಯದು. ಅಣ್ಣತಮ್ಮಂದಿರು ಸಮನಾದ ಪಾಲುಗಳಿಗೆ ಚೀಟಿ ಎತ್ತುವುದು ಮೊದಲ ಬಗೆಗೆ ಸೇರಿದ್ದು. ಅದರಲ್ಲಿ ದೋಷ ಹುಡುಕಬೇಕಿಲ್ಲ. ಧರ್ಮಸಭೆಯ ಆಯ್ಕೆಗಳಿಗೆ ಮಾತ್ರ ಚೀಟಿ ಸಲ್ಲದೆಂದು ಅವರು ಹೇಳುತ್ತಾರೆ: ಮತ್ತೀಯನ ಆಯ್ಕೆ ನಡೆದದ್ದು ಪಂಚಾಶತ್ತಮ ಹಬ್ಬಕ್ಕೆ ಮುನ್ನ, ಪವಿತ್ರಾತ್ಮರು ಇಳಿದುಬಂದ ಬಳಿಕ ಏಳು ಮಂದಿ ಸೇವಕರನ್ನು ಸಭೆಯು ವಿವೇಚನೆಯಿಂದಲೇ ಆರಿಸಿತು. ನಮ್ಮ ಪ್ರಶ್ನೆಗೆ ಇಲ್ಲಿ ಕೀಲಿಯಿದೆ. ಪವಿತ್ರಾತ್ಮರ ವರವಿರುವಲ್ಲಿ ಮನಸ್ಸಾಕ್ಷಿಯ ಕೆಲಸವನ್ನು ಎಲೆಗೆ ಒಪ್ಪಿಸುವುದು ಹಿನ್ನಡೆಯೇ ಸರಿ. ‘ನಾನು ಭವಿಷ್ಯ ಕೇಳುವುದಿಲ್ಲ, ನನ್ನನ್ನು ನಾನು ಅರಿಯಲು ಮಾತ್ರ ಎಲೆ ತೆಗೆಯುತ್ತೇನೆ’ ಎನ್ನುವವರಿಗೂ ಇದೇ ಒರೆಗಲ್ಲು ಸಾಕು: ಬಂದ ಎಲೆಯು ನಿಮ್ಮ ನಿರ್ಧಾರವನ್ನು ಬದಲಿಸಿತೇ? ಬದಲಿಸಿದ್ದರೆ ಅದು ಚಿತ್ರವಾಗಿ ಉಳಿದಿಲ್ಲ, ಒಡೆಯನಾಗಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಪರರ ಅಂಗಳ ಗುಡಿಸಿದಂತಾದೀತು. ನಮ್ಮ ಅಂಗಳವನ್ನೂ ನೋಡಬೇಕು. ಹೊಸ ವರುಷದ ರಾತ್ರಿ ಅನೇಕ ಸಭೆಗಳಲ್ಲಿ ಬುಟ್ಟಿಯಿಂದ ವಾಗ್ದಾನದ ಕಾರ್ಡು ಎತ್ತುವ ರೂಢಿಯಿದೆ. ಅದರ ಬೇರುಗಳು ಜರ್ಮನಿಯ ಭಕ್ತಿಪಂಥದಲ್ಲಿವೆ. ಬೊಗಾತ್ಸ್ಕಿಯ ವಚನಭಂಡಾರ 1718ರಲ್ಲಿ ಪ್ರಕಟವಾಯಿತು. ಹೆರ್ನ್‌ಹೂಟಿನ ಮೊರಾವಿಯನ್ನರು 1731ರಿಂದ ದಿನವಚನಗಳನ್ನು ಅಚ್ಚು ಹಾಕಿಸಿದರು. ಅದೇ ಮೊರಾವಿಯನ್ನರು ಮದುವೆಗೂ ಚೀಟಿ ಎತ್ತುತ್ತಿದ್ದರು. ಆ ಕಡ್ಡಾಯವನ್ನು 1818ರಲ್ಲಿ ಅವರ ಮಹಾಸಭೆಯೇ ಸಡಿಲಿಸಿತು. ದೇವರ ವಾಕ್ಯವನ್ನು ವರ್ಷವಿಡೀ ನೆನೆಯಲು ಕೊಂಡೊಯ್ಯುವುದು ಒಳ್ಳೆಯದೇ. ಆದರೆ ಎಚ್ಚರಿಕೆಯ ವಾಕ್ಯ ಬಂದವರು ಕಳವಳಗೊಂಡು ಇನ್ನೊಂದು ಕಾರ್ಡು ಎತ್ತಲು ಹೊರಟರೆ, ಆ ಬುಟ್ಟಿಗೂ ಗಿಳಿಯ ಪಂಜರಕ್ಕೂ ಅಂತರವೇನು ಉಳಿಯಿತು? ಟ್ಯಾರೋವನ್ನು ಖಂಡಿಸುವ ಪ್ರಬೋಧನೆ ಈ ಪ್ರಶ್ನೆಗೂ ಉತ್ತರಿಸಬೇಕು.

ಖಂಡನೆಯ ರೀತಿಯ ಕುರಿತೂ ಚರಿತ್ರೆಯಲ್ಲಿ ಪಾಠವಿದೆ. 1599ರ ಉದಯಂಪೇರೂರು ಧರ್ಮಸಭೆಯಲ್ಲಿ ಮಹಾಧರ್ಮಾಧ್ಯಕ್ಷ ಮೆನೇಜಿಸರು ಸಂತ ಥಾಮಸರ ಕ್ರೈಸ್ತರಿಗೆ ಕಣಿ ಕೇಳುವುದನ್ನೂ ಮದುವೆಗೆ ಶುಭದಿನ ನೋಡುವುದನ್ನೂ ನಿಷೇಧಿಸಿದರು. ಆದರೆ ಆ ವಿಧಿಗಳ ಜೊತೆಗೇ ಅವರ ಪ್ರಾಚೀನ ಪರಂಪರೆಯ ಮೇಲೆ ನಡೆದ ಬಲಾತ್ಕಾರವು 1653ರ ಕೂನನ್ ಶಿಲುಬೆಯ ಪ್ರತಿಜ್ಞೆಗೆ, ಒಡಕಿಗೆ ದಾರಿಮಾಡಿತು. ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ಅಲ್ಪಕಾಲ ನಿಂತು, ನಡೆದ ವಿಚಾರಣಾ ನ್ಯಾಯಸ್ಥಾನವು ಪದ್ಧತಿಗಳನ್ನು ಪಟ್ಟಿಮಾಡಿ ದಂಡಿಸಿತು. ಭಯದಿಂದ ಬಾಗಿಲು ಮುಚ್ಚಿತೇ ಹೊರತು ಬಾಗಿಲ ಹಿಂದಿನ ಪ್ರಶ್ನೆ ಅಳಿಯಲಿಲ್ಲ. ಶುಭದಿನ, ಶುಭಗಳಿಗೆಗಳ ಹಂಗನ್ನು ತೊರೆಯಿರೆಂದು ಹನ್ನೆರಡನೆಯ ಶತಮಾನದ ಶರಣರೂ ಈ ನೆಲದಲ್ಲಿ ಸಾರಿದರು. ಅವರ ಮಾತು ದಂಡನೆಯ ನೆರವಿಲ್ಲದೆಯೇ ಇಂದಿಗೂ ಉಳಿದಿದೆ.

ಹಾಗಾದರೆ ಪಾಪನಿವೇದನೆಗೆ ಬಂದವರಿಗೆ ಏನು ಹೇಳೋಣ? ಚಿತ್ರದ ಚರಿತ್ರೆಯಲ್ಲಿ ಆಸಕ್ತಿಯಿದ್ದರೆ ಓದಲಿ. ಆದರೆ ತನ್ನ ಸ್ವಾತಂತ್ರ್ಯವು ದುರ್ಬಲ ಮನಸ್ಸಿನ ಸೋದರನಿಗೆ ಎಡವುಗಲ್ಲಾಗದಂತೆ ಸಂತ ಪೌಲರು ಕೊರಿಂಥದವರಿಗೆ ಕೊಟ್ಟ ಎಚ್ಚರಿಕೆಯನ್ನು ನೆನೆಯಲಿ. ಎಲೆಯನ್ನು ಪ್ರಶ್ನಿಸುವ ರೂಢಿಯಿದ್ದರೆ ಬಿಡಲಿ. ಆದರೆ ಬಿಡಿರೆಂದು ಹೇಳುವ ಮುನ್ನ, ಅವರು ಎಲೆಗೆ ಕೇಳಿದ ಪ್ರಶ್ನೆ ಯಾವುದೆಂದು ನಾವು ಕೇಳಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆಯ ಪ್ರವಾಹ ಈ ತಾಲೂಕುಗಳ ಮನೆ, ಕಬ್ಬು, ದನಕರುಗಳನ್ನು ನುಂಗಿತು. ‘ಮುಂದೇನು’ ಎಂಬ ಪ್ರಶ್ನೆ ಅಂಥವರ ಬಾಯಲ್ಲಿ ಕುತೂಹಲವಲ್ಲ, ಗೋಳು. ಆ ಗೋಳನ್ನು ಕೇಳಲು ಗುರುವಿಗೆ ಸಮಯವಿಲ್ಲದಿದ್ದರೆ, ಸಮಯವಿರುವವರ ಬಳಿಗೆ ಅವರು ಹೋಗುತ್ತಾರೆ. ಗಿಳಿಯವನು ಕನಿಷ್ಠ ಮುಖ ನೋಡಿ ಮಾತಾಡುತ್ತಾನೆ. ಫಿಲಿಪ್ಪಿಯಲ್ಲಿ ಪೌಲರು ಕಣಿ ನುಡಿಯುತ್ತಿದ್ದ ದಾಸಿಯನ್ನು ಶಪಿಸಲಿಲ್ಲ, ಅವಳನ್ನು ಹಿಡಿದಿದ್ದ ದೆವ್ವದಿಂದ ಬಿಡಿಸಿದರು. ಕೋಪಗೊಂಡವರು ಅವಳಿಂದ ಹಣ ಗಳಿಸುತ್ತಿದ್ದ ಯಜಮಾನರು. ಬೀದಿಯ ಬಡ ಗಿಳಿಶಾಸ್ತ್ರದವನನ್ನು ಹೀಯಾಳಿಸುವ ಮುನ್ನ ಈ ಭೇದವನ್ನು ನೆನೆಯುವುದು ಒಳಿತು.

ಜನವರಿ 1ರಂದು, ದೇವಮಾತೆ ಮರಿಯಳ ಮಹೋತ್ಸವದ ಬಲಿಪೂಜೆಯಲ್ಲಿ, ಧರ್ಮಸಭೆಯು ಮೊದಲ ವಾಚನವಾಗಿ ಸಂಖ್ಯಾಕಾಂಡದ 6ನೆಯ ಅಧ್ಯಾಯದ ಆರೋನನ ಆಶೀರ್ವಾದವನ್ನು ಓದಿಸುತ್ತದೆ. ಅಲ್ಲಿ ಯಾರೂ ಚೀಟಿ ಎತ್ತುವುದಿಲ್ಲ. ಒಬ್ಬರಿಗೆ ಶುಭ, ಇನ್ನೊಬ್ಬರಿಗೆ ಅಶುಭ ಎಂಬುದಿಲ್ಲ; ಒಂದೇ ಆಶೀರ್ವಾದ ಇಡೀ ಜನಾಂಗಕ್ಕೆ ಸಲ್ಲುತ್ತದೆ. ಬರುವ ವರ್ಷ ಏನಾಗುವುದೆಂದು ಆ ವಾಚನ ತಿಳಿಸುವುದಿಲ್ಲ. ಸರ್ವೇಶ್ವರರು ತಮ್ಮ ಮುಖಕಾಂತಿಯನ್ನು ತಮ್ಮ ಜನರ ಮೇಲೆ ಬೆಳಗಿಸುವರೆಂದು ಮಾತ್ರ ಹೇಳುತ್ತದೆ. ವಾಗ್ದಾನದ ಕಾರ್ಡು ಹಂಚುವ ಧರ್ಮಕೇಂದ್ರಗಳು ಈ ಒಂದೇ ವಚನವನ್ನು ಅಚ್ಚು ಮಾಡಿಸಿ ಎಲ್ಲರ ಕೈಗೂ ಕೊಡಲಿ, ನದಿತೀರದ ಮನೆಗಳಿಗೆ ಗುರುಗಳು ತಾವೇ ಒಯ್ದು ಕೊಡಲಿ ಎಂಬುದು ನಮ್ಮ ಸೂಚನೆ.