ಚರಗದ ರಂಜಕ

ಒಂದು ಊರಿನ ಇತಿಹಾಸವನ್ನು ಅದರ ಕೋಟೆಯಲ್ಲಿ ಓದುವುದು ನಮ್ಮ ರೂಢಿ. ಅದೇ ಊರಿನ ಊಟದ ಬುತ್ತಿಯಲ್ಲಿ ಓದುವವರು ಕಡಿಮೆ. ನಮ್ಮ ಶಹಾಪುರ ತಾಲೂಕಿನ ವನದುರ್ಗದಲ್ಲಿ ಎರಡೂ ಉಂಟು. ಸುರಪುರದ ನಾಯಕರ ಕಾಲದ ಕೋಟೆ ಉಂಟು. ಎಳ್ಳಮವಾಸ್ಯೆಯ ದಿನ ಹೊಲದಲ್ಲಿ ಬಿಚ್ಚುವ ಬುತ್ತಿಯೂ ಉಂಟು. ಕೋಟೆಯನ್ನು ನೋಡಲು ಹೊರಗಿನವರು ಬರುತ್ತಾರೆ, ಗೋಡೆಯ ಮೇಲೆ ಹತ್ತಿ ನಿಲ್ಲುತ್ತಾರೆ, ಯಾವ ರಾಜ ಯಾವ ಕಾಲವೆಂದು ಕೇಳುತ್ತಾರೆ. ಬುತ್ತಿಯ ಮೂಲೆಯಲ್ಲಿರುವ ಒಂದು ಚಮಚೆ ಕೆಂಪು ಖಾರಕ್ಕೆ ಯಾವ ಕಾಲವೆಂದು ಯಾರೂ ಕೇಳುವುದಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಆ ಖಾರದ ಸಂಗತಿ.

ಮಾರ್ಗಶಿರ ಮಾಸದ ಬಹುಳ ಅಮವಾಸ್ಯೆಯೇ ಎಳ್ಳಮವಾಸ್ಯೆ. ಕಲಬುರಗಿ, ಬೀದರ, ಯಾದಗಿರಿ, ವಿಜಯಪುರದ ಎರೆಭೂಮಿಯ ರೈತನಿಗೆ ದೀಪಾವಳಿ, ಯುಗಾದಿಗಿಂತ ಇದೇ ದೊಡ್ಡ ಹಬ್ಬ. ಹಿಂಗಾರಿ ಜೋಳ ಎದೆಯುದ್ದ ಬೆಳೆದು ನಿಂತಿರುತ್ತದೆ. ಸಾಲಿನ ನಡುವೆ ಕಡಲೆ, ಅಗಸಿ, ಕುಸುಬಿ. ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಮಾಡಿಕೊಂಡು ಹೋದ ಅಡಿಗೆಯನ್ನೆಲ್ಲ ಒಂದಿಷ್ಟು ಕಲಸಿ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಒಬ್ಬನು ಕೂಗುತ್ತ ಚೆಲ್ಲಿದರೆ ಹಿಂದಿನವನು ನೀರು ಚಿಮುಕಿಸುತ್ತ ಬರುತ್ತಾನೆ. ಇದೇ ಚರಗ. ಭೂಮಿಗೆ ಉಣ್ಣಿಸಿದ ಮೇಲೆಯೇ ನಮ್ಮ ಊಟ.

ಆ ಊಟದ ಪಟ್ಟಿ ಉದ್ದ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಕಡಕ್ ಜೋಳದ ರೊಟ್ಟಿ, ಕಾಳುಪಲ್ಯ ಸೊಪ್ಪುಪಲ್ಯಗಳನ್ನೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಪುಂಡಿಪಲ್ಯ, ಎಣ್ಣೆಗಾಯಿ, ಜೋಳದ ಕಡಬು, ಶೇಂಗಾ ಹೋಳಿಗೆ, ಅಂಬಲಿ. ಇವೆಲ್ಲ ಇದ್ದೂ ಕೆಂಪು ಖಾರ ಇಲ್ಲದಿದ್ದರೆ ನಮ್ಮ ಅವ್ವ ಬುತ್ತಿಯ ಗಂಟು ಕಟ್ಟುತ್ತಿರಲಿಲ್ಲ. "ಖಾರ ಇಲ್ಲದ ಚರಗ ಭೂಮ್ತಾಯಿಗೂ ಸಪ್ಪಗಾಗ್ತದ" ಎನ್ನುತ್ತಿದ್ದಳು.

ಈ ಖಾರಕ್ಕೆ ನಮ್ಮ ಭಾಗದ ಬಹಳ ಮನೆಗಳಲ್ಲಿ ಕೆಂಪು ಹಿಂಡಿ ಎನ್ನುತ್ತಾರೆ. ಅವ್ವನ ತವರು ತಾಳಿಕೋಟಿಯ ಕಡೆ. ಅವಳು ತಂದ ಹೆಸರು ರಂಜಕ. ಆ ಸೀಮೆಯಿಂದ ಧಾರವಾಡದವರೆಗೂ ಇದೇ ಹೆಸರು.

ಮಾಡುವ ಬಗೆಯನ್ನು ಹೇಳಿಬಿಡುತ್ತೇನೆ. ಮುಂಗಾರಿನಲ್ಲಿ ಹಚ್ಚಿದ ಮೆಣಸಿನ ಗಿಡದಲ್ಲಿ ಕಾಯಿ ಹಣ್ಣಾಗಿ ಕೆಂಪೇರುವುದು ಸರಿಯಾಗಿ ಈ ಹಬ್ಬದ ಹೊತ್ತಿಗೆ. ಒಣಗಿದ್ದು ನಡೆಯದು, ಗಿಡದಿಂದ ಆಗ ತಾನೇ ಕಿತ್ತ ಹಣ್ಣುಮೆಣಸಿನಕಾಯಿಯೇ ಆಗಬೇಕು. ಒಂದು ಕಿಲೋ ಹಣ್ಣನ್ನು ತೊಳೆದು, ಬಟ್ಟೆಯಿಂದ ಒರೆಸಿ, ಅರ್ಧ ದಿನ ನೆರಳು ಬಿಸಿಲಿನಲ್ಲಿ ಹರವಬೇಕು. ತೊಟ್ಟು ತೆಗೆಯುವುದು ತೊಳೆದ ಮೇಲೆ. ಮೊದಲೇ ತೆಗೆದರೆ ನೀರು ಒಳಸೇರಿ ಖಾರ ಬೂಸು ಹಿಡಿಯುತ್ತದೆ. ಆಮೇಲೆ ಒಳ್ಳಿಗೆ ಹಾಕಿ ಕಾಲು ಕಿಲೋಕ್ಕೆ ತುಸು ಕಡಿಮೆ ಹರಳುಪ್ಪು, ನಾಲ್ಕೈದು ಗಡ್ಡೆ ಬಳ್ಳೊಳ್ಳಿ ಸೇರಿಸಿ ಕುಟ್ಟುವುದು. ನುಣ್ಣಗಾಗಬಾರದು, ಬೀಜ ಕಾಣುತ್ತಿರಬೇಕು. ಹುರಿದ ಜೀರಿಗೆ ಮೆಂತ್ಯದ ಪುಡಿ ಒಂದೊಂದು ಚಮಚೆ. ಕೊನೆಗೆ ಎಂಟು ಹತ್ತು ಲಿಂಬೆಯ ರಸ. ಕೆಲವರು ಹುಣಸೆಯನ್ನೂ ಒಂದು ಹರಳು ಬೆಲ್ಲವನ್ನೂ ಹಾಕುವುದುಂಟು. ಭರಣಿಗೆ ತುಂಬಿ ಮೂರು ದಿನ ಬಾಯಿ ಕಟ್ಟಿಡಬೇಕು. ಉಪ್ಪು ಹುಳಿ ಕೂಡಿ ಹಸಿ ವಾಸನೆ ಹೋಗುತ್ತದೆ, ಬಣ್ಣ ನಿಲ್ಲುತ್ತದೆ. ಉಣ್ಣುವಾಗ ಮೇಲೆ ಕುಸುಬಿ ಎಣ್ಣೆಯನ್ನೋ ಬೆಣ್ಣೆಯನ್ನೋ ಹಾಕಿಕೊಳ್ಳುವುದು. ಇದು ಬರಿಯ ರುಚಿಗಾಗಿ ಅಲ್ಲ. ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಬಾಯಿ ಸುಡುತ್ತದೆ ಎಂದು ನಾವು ಹೇಳುವುದೂ ಬರಿಯ ಮಾತಿನ ಅಲಂಕಾರವಲ್ಲ. ಬಿಸಿ ತಾಗಿದಾಗ ಎಚ್ಚರಗೊಳ್ಳುವ ನರದ ಬಾಗಿಲನ್ನೇ ಈ ವಸ್ತುವೂ ತೆರೆಯುತ್ತದೆಂದು ಅಮೆರಿಕದ ಡೇವಿಡ್ ಜೂಲಿಯಸ್ 1997ರಲ್ಲಿ ತೋರಿಸಿಕೊಟ್ಟರು. 2021ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ನಾಲಿಗೆಯ ಮಟ್ಟಿಗೆ ಖಾರವೂ ಬೆಂಕಿಯೂ ಒಂದೇ.

ಬೆಂಕಿಯ ಮಾತು ಬಂದದ್ದರಿಂದ ಹೆಸರಿನ ಕಡೆ ಬರೋಣ. ಸಂಸ್ಕೃತದಲ್ಲಿ ರಂಜಕವೆಂದರೆ ಬಣ್ಣ ಕೊಡುವಂಥದು, ಸಂತೋಷಗೊಳಿಸುವಂಥದು. ಕೆಂಪು ಖಾರಕ್ಕೆ ಈ ಅರ್ಥ ಒಪ್ಪುತ್ತದೆ. ಆದರೆ ಮರಾಠಿ ಹಿಂದಿಗಳಲ್ಲಿಯೂ ನಮ್ಮ ಹಳೆಯ ಬಳಕೆಯಲ್ಲಿಯೂ ರಂಜಕಕ್ಕೆ ಇನ್ನೊಂದು ಅರ್ಥ ಇದೆ. ತೋಪಿನ ಅಥವಾ ಬಂದೂಕಿನ ಕಿವಿಯಲ್ಲಿ ಹಾಕುವ ನುಣುಪಾದ ಮದ್ದಿನ ಪುಡಿಗೆ ಆ ಹೆಸರು. ಹಳೆಯ ಬಂದೂಕಿನ ನಳಿಗೆಯಲ್ಲಿ ಮದ್ದು ಗುಂಡು ಜಡಿದ ಮೇಲೆ ಬದಿಯ ತೂತಿನ ಬಳಿ ಒಂದು ಚಿಟಿಕೆ ರಂಜಕ ಹಾಕುತ್ತಿದ್ದರು. ಉರಿಯುವ ಬತ್ತಿ ತಾಗಿದರೆ ಅದು ಭಗ್ಗೆಂದು ಹೊತ್ತಿ, ಆ ಕಿಡಿ ಒಳಗಿನ ಮದ್ದಿಗೆ ಹೋಗುತ್ತಿತ್ತು. ಚಿಟಿಕೆ ಸಣ್ಣದು, ಕೆಲಸ ದೊಡ್ಡದು. ತಟ್ಟೆಯಲ್ಲಿ ಇಡೀ ರೊಟ್ಟಿಯನ್ನು ಒಳಗೆ ಕಳಿಸುವ ಒಂದು ಚಮಚೆ ಖಾರಕ್ಕೂ ಇದೇ ಹೆಸರು ಬಂದದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ. ಅದೂ ಬೇಡರ ನಾಡಿನಲ್ಲಿ.

ಈ ಎರಡು ರಂಜಕಗಳೂ ನಮ್ಮ ನಾಡಿಗೆ ಹಳಬವಲ್ಲ ಎಂಬುದೇ ವಿಚಾರ ಮಾಡತಕ್ಕ ಸಂಗತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಹುಟ್ಟಿದ್ದು 12ನೆಯ ಶತಮಾನದಲ್ಲಿ. ಅದರಲ್ಲಿ ಅರಸರ ಅಡಿಗೆಯ ವಿವರ ಬೇಕಾದಷ್ಟಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ಸೂಪಶಾಸ್ತ್ರವನ್ನೇ ಬರೆದ. ಎರಡರಲ್ಲಿಯೂ ಮೆಣಸಿದೆ, ಮೆಣಸಿನಕಾಯಿಯಿಲ್ಲ. ಅಂದಿನ ಮೆಣಸು ಮಲೆನಾಡಿನ ಬಳ್ಳಿಯ ಕಾಳು. ಮೆಣಸಿನ ಗಿಡದ ತವರು ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕ. ಅಲ್ಲಿಯವರು ಸಾವಿರಾರು ವರ್ಷ ಬೆಳೆದು ತಿಂದ ಮೇಲೆ ಕೊಲಂಬಸನ ಯಾತ್ರೆಯಿಂದ ಅದು ಸಮುದ್ರ ದಾಟಿತು. ಪೋರ್ತುಗೀಜರು ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಿತ್ತುಕೊಂಡದ್ದು 1510ರಲ್ಲಿ. ಅವರ ಹಡಗುಗಳಿಂದಿಳಿದ ಈ ಕಾಯಿ ಗೋವೆಯಿಂದ ಘಟ್ಟ ಹತ್ತಿ ನಮ್ಮ ಬಯಲಿಗೆ ಬಂತು. ಹೊಸ ಕಾಯಿಗೆ ನಮ್ಮವರು ಹೊಸ ಹೆಸರು ಹುಡುಕಲಿಲ್ಲ. ಹಳೆಯ ಮೆಣಸಿನ ಹೆಸರಿಗೆ ಕಾಯಿ ಜೋಡಿಸಿದರು. ಕೊನೆಗೆ ಹಳೆಯ ಮೆಣಸೇ ತನ್ನ ಗುರುತಿಗಾಗಿ ಕರಿಮೆಣಸು, ಕಾಳುಮೆಣಸು ಎಂದು ಕರೆಸಿಕೊಳ್ಳಬೇಕಾಯಿತು. 1564ರಲ್ಲಿ ತೀರಿಕೊಂಡ ಪುರಂದರದಾಸರ ಹೆಸರಿನಲ್ಲಿ ಮೆಣಸಿನಕಾಯಿಯನ್ನು ಹೊಗಳುವ ಪದವೊಂದು ಬಳಕೆಯಲ್ಲಿದೆ. ಹೊಸಬನಾಗಿ ಬಂದು ಹೀಗೆ ಮನೆಯವನಾದ ಪದಾರ್ಥ ನಮ್ಮಲ್ಲಿ ಇನ್ನೊಂದಿಲ್ಲ.

ಕಾಯಿ ನೆಲೆಯೂರಿದ ಕಾಲದಲ್ಲಿಯೇ ದಖನ್ನಿನಲ್ಲಿ ಮದ್ದುಗುಂಡಿನ ಆರ್ಭಟ ಏರಿತು. ಬಿಜಾಪುರದ ಕೋಟೆಯ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರೆದರು. 1565ರಲ್ಲಿ ವಿಜಯನಗರವನ್ನು ಕೆಡವಿದ ರಕ್ಕಸಗಿ ತಂಗಡಗಿಯ ಕಾಳಗದಲ್ಲಿ ತೋಪುಗಳ ಪಾಲು ದೊಡ್ಡದು. ಕಾಳಗ ನಡೆದದ್ದು ಅವ್ವನ ತವರಿನ ಸೀಮೆಯಲ್ಲಿ. ಇತ್ತ ಕೃಷ್ಣಾ ಭೀಮೆಯರ ನಡುವಿನ ಬೇಡ ನಾಯಕರು ಬಿಲ್ಲನ್ನು ಬಿಟ್ಟು ಬಂದೂಕನ್ನು ಹಿಡಿದರು. 1687ರಲ್ಲಿ ನಮ್ಮ ಪಕ್ಕದ ಸಗರ ಮೊಗಲರ ಕೈಸೇರಿತು. ಆದರೆ ನಾಯಕರು ಸೋತು ಸುಮ್ಮನಾಗಲಿಲ್ಲ. 1705ರ ಫೆಬ್ರುವರಿಯಲ್ಲಿ ಔರಂಗಜೇಬ ತಾನೇ ಬಂದು ವಾಗಣಗೇರಿಯನ್ನು ಮುತ್ತಿದ. ಆಗ ಅವನಿಗೆ 86 ವರ್ಷ. ಪಿಡ್ಡ ನಾಯಕನ ಬಂದೂಕಿನವರು ಏಪ್ರಿಲ್ ಕೊನೆಯವರೆಗೆ ತಡೆದು ನಿಂತರು. ನಾಯಕ ಕಡೆಗೆ ರಾತ್ರಿಯಲ್ಲಿ ತಪ್ಪಿಸಿಕೊಂಡು ಹೋದ. ಬಾದಶಹನಿಗೆ ಸಿಕ್ಕದ್ದು ಬರಿದಾದ ಕೋಟೆ. ಅವನು ಸ್ವತಃ ನಡೆಸಿದ ಕೊನೆಯ ದಂಡಯಾತ್ರೆ ಇದೇ. ಎರಡು ವರ್ಷಕ್ಕೆ ಅಹಮದನಗರದಲ್ಲಿ ತೀರಿಕೊಂಡ.

ನಾಯಕರ ರಂಜಕ ಕೊನೆಯ ಸಲ ಹೊತ್ತಿದ್ದು 1858ರಲ್ಲಿ. ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ಮೇಲೆ ಎದ್ದು, ಸೋತು, ಸೆರೆಯಲ್ಲಿಯೇ ಪ್ರಾಣ ಬಿಟ್ಟ, ಸಂಸ್ಥಾನ ಮುಳುಗಿತು. ಅದರ ಹಿಂದಿನ ವರ್ಷ ಮುಧೋಳದ ಬಳಿಯ ಹಲಗಲಿಯ ಬೇಡರು ಆಯುಧ ಒಪ್ಪಿಸಬೇಕೆಂಬ ಕಾನೂನಿಗೆ ತಿರುಗಿಬಿದ್ದು ಊರನ್ನೇ ಸುಡಿಸಿಕೊಂಡಿದ್ದರು. ಆಮೇಲೆ ಮನೆಮನೆಯ ಬಂದೂಕು ಹೋಯಿತು. ಬಂದೂಕಿನ ಕಿವಿಯ ರಂಜಕವೂ ಹೋಯಿತು. ಇವತ್ತು ನಮ್ಮ ಹುಡುಗರಿಗೆ ಆ ಅರ್ಥವೇ ಗೊತ್ತಿಲ್ಲ. ಶಬ್ದ ಮಾತ್ರ ಅಡಿಗೆಮನೆಯಲ್ಲಿ ಉಳಿಯಿತು. ಗಂಡಸರ ಕೈಯಿಂದ ಜಾರಿದ್ದನ್ನು ಹೆಂಗಸರು ಭರಣಿಯಲ್ಲಿ ಕಾಪಾಡಿದರು.

ಈ ಹಳೆಯ ಸಂಗತಿಯನ್ನು ನಾನು ಕೆದಕುವುದಕ್ಕೆ ಕಾರಣ ನಮ್ಮ ಮನೆಯಲ್ಲಿಯೇ ಎದ್ದ ಒಂದು ವಾದ. ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಎಡದಂಡೆಯ ಕಾಲುವೆಯ ನೀರು ಸುರಪುರ ಶಹಾಪುರಗಳ ಹೊಲಕ್ಕೆ ಹರಿಯಿತು. ಜೋಳದ ಎರೆ ಭತ್ತದ ಗದ್ದೆಯಾಯಿತು. ಆಂಧ್ರದ ಒಕ್ಕಲಿಗರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಅವರ ಬೆನ್ನಿಗೆ ಗುಂಟೂರಿನ ಉರಿ ಮೆಣಸಿನಕಾಯಿ ಬಂತು; ಬಣ್ಣಕ್ಕೆ ಹೆಸರಾದ ನಮ್ಮ ಬ್ಯಾಡಗಿ ತಳಿ ಹಿಂದೆ ಸರಿಯಿತು. ನನ್ನ ಅಣ್ಣ ನಮ್ಮ ಹೊಲವನ್ನೂ ಗದ್ದೆ ಮಾಡಿದ. ಅವ್ವ ಬದುಕಿರುವವರೆಗೆ ಮೇಲಿನ ಅರ್ಧ ಎಕರೆಯನ್ನು ಜೋಳಕ್ಕೆ ಬಿಡಿಸಿಕೊಂಡಿದ್ದಳು. ಅವಳು ಹೋದ ಮೇಲೆ ಅದೂ ಹೋಯಿತು. ಆ ವರ್ಷ ಎಳ್ಳಮವಾಸ್ಯೆಗೆ ಅಣ್ಣ, "ಜ್ವಾಳ ಇಲ್ಲದ ಹೊಲಕ್ಕ ಎಂಥಾ ಚರಗ? ಗುಂಟೂರು ಕಾಯಾಗ ಎಂಥಾ ರಂಜಕ? ಇದು ನಮ್ಮ ಹಬ್ಬ ಅಲ್ಲ ಈಗ" ಎಂದು ಬಂಡಿ ಹೂಡಲಿಲ್ಲ. ಅತ್ತಿಗೆ ಮಾತ್ರ ಗುಂಟೂರು ಕಾಯಿಯಲ್ಲಿಯೇ ಖಾರ ಕುಟ್ಟಿ, ಉರಿ ತಗ್ಗಲೆಂದು ಬೀಜವನ್ನೂ ಒಳಗಿನ ಬಿಳಿಯ ದಿಂಡನ್ನೂ ತೆಗೆದು, ಬೆಲ್ಲ ತುಸು ಹೆಚ್ಚು ಹಾಕಿ ಗದ್ದೆಯ ಬದುವಿಗೆ ಒಬ್ಬಳೇ ಹೋಗಿ ಚೆಲ್ಲಿ ಬಂದಳು.

ನಾನು ಅತ್ತಿಗೆಯ ಪಕ್ಷದವನು. ಯಾಕೆಂದರೆ ಆ ಬುತ್ತಿಯಲ್ಲಿ ಮೊದಲಿನಿಂದ ನಮ್ಮದಾಗಿಯೇ ಇದ್ದದ್ದು ಎಷ್ಟು? ಎಳ್ಳು ಈ ದೇಶದ್ದು, ತೊಗರಿ ಈ ದೇಶದ್ದು. ನಾವು ಜೀವವೆಂದು ನಂಬಿದ ಜೋಳ ಸಾವಿರಾರು ವರ್ಷದ ಹಿಂದೆ ಆಫ್ರಿಕದಿಂದ ಬಂದದ್ದು. ಸಜ್ಜೆ, ಹುಣಸೆ, ಪುಂಡಿ ಇವುಗಳ ಮೂಲವೂ ಅಲ್ಲಿಯೇ. ಶೇಂಗಾ, ಮೆಣಸಿನಕಾಯಿ ಅಮೆರಿಕದವು. ಒಂದೊಂದೂ ಬಂದ ದಿನ ಹೊರಗಿನದೇ ಆಗಿತ್ತು. ಯಾರೋ ಒಬ್ಬ ಹೆಂಗಸು ಅದನ್ನು ಒಳ್ಳಿಗೆ ಹಾಕಿ, ಉಪ್ಪು ಹುಳಿ ಸರಿ ಮಾಡಿ, ಹೊಲಕ್ಕೆ ಒಯ್ದು ಭೂಮಿಗೆ ಉಣ್ಣಿಸಿದಳು. ಅಂದಿನಿಂದ ಅದು ನಮ್ಮದು. ಆಂಧ್ರದ ಕ್ಯಾಂಪಿನವರು ಗೋಂಗೂರ ಎಂದು ಅರೆಯುವುದೂ ನಮ್ಮ ಪುಂಡಿಯನ್ನೇ. ಅಣ್ಣನ ಅಳಲು ಸುಳ್ಳಲ್ಲ. ಜೋಳದ ಜೊತೆ ಕಡಲೆ ಹೋಯಿತು, ಅಗಸಿ ಹೋಯಿತು, ಎತ್ತಿಗೆ ಕಣಿಕೆ ಹೋಯಿತು. ಇದು ನಿಜವಾದ ನಷ್ಟ. ಆದರೆ ಹಬ್ಬವನ್ನೇ ಬಿಟ್ಟರೆ ಆ ನಷ್ಟ ಕಡಿಮೆಯಾಗುವುದಿಲ್ಲ, ಇನ್ನೊಂದು ಕೂಡಿಕೊಳ್ಳುತ್ತದೆ.

ಈ ಮಾತಿಗೆ ದೂರದಿಂದಲೂ ಒಂದು ಸಾಕ್ಷಿ ಸಿಕ್ಕಿತು. ಅಮೆರಿಕದಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ ಸುಗ್ಗಿಯ ಕೃತಜ್ಞತೆಯ ಹಬ್ಬ. ಅವರ ಊಟದಲ್ಲಿ ಕ್ರ್ಯಾನ್‌ಬೆರಿ ಎಂಬ ಕೆಂಪು ಹುಳಿಹಣ್ಣಿನ ಗೊಜ್ಜು ಇರಲೇಬೇಕು. ನಮ್ಮ ಕವಳಿ ಹಣ್ಣಿನ ಅಣ್ಣತಮ್ಮ ಎನ್ನಿಸುವಷ್ಟು ಹುಳಿ. ಅಲ್ಲಿ ನೆಲೆಸಿರುವ ನನ್ನ ತಂಗಿಯ ಮಗಳು ಆ ಹಣ್ಣನ್ನು ಸಕ್ಕರೆ ಹಾಕಿ ಕುದಿಸುವಾಗ ಹಣ್ಣುಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ ಕುಟ್ಟಿ ಸೇರಿಸುತ್ತಾಳಂತೆ. ಹಣ್ಣು ಒಡೆದು ತಾನೇ ಗಟ್ಟಿಯಾಗುತ್ತದೆ, ಲಿಂಬೆಯ ಕೆಲಸವನ್ನು ಅದೇ ಮಾಡುತ್ತದೆ. ನೆರೆಯ ಅಮೆರಿಕನ್ನರಿಗೆ ಅದು ಇಂಡಿಯಾದ ಖಾರ. ಅವಳು ಅದಕ್ಕೆ ಕೊಟ್ಟ ಹೆಸರು ರಂಜಕ. ಅಮೆರಿಕ ಖಂಡದ ಕಾಯಿ ಗೋವೆಗೆ ಬಂದು, ಘಟ್ಟ ಹತ್ತಿ, ಬೇಡರ ನಾಡಿನಲ್ಲಿ ಮದ್ದಿನ ಹೆಸರು ಪಡೆದು, 500 ವರ್ಷದ ಮೇಲೆ ಅದೇ ಖಂಡದ ಹಬ್ಬದ ಎಲೆಗೆ ಕನ್ನಡದ ಹೆಸರಿನಿಂದ ಹಿಂತಿರುಗಿದೆ.

ಆದರೆ ರಂಜಕ ಹೆಚ್ಚಾಗಿ ಹೋಗುವುದು ಅಷ್ಟು ದೂರಕ್ಕಲ್ಲ. ಕಾಲುವೆಯ ಕೊನೆಗೆ ನೀರು ಮುಟ್ಟದ ಊರುಗಳಿಂದ, ಕೈಯಲ್ಲಿ ಹೊಲವೇ ಇಲ್ಲದ ಮನೆಗಳಿಂದ ಪ್ರತಿ ವರ್ಷ ಜನ ಗುಳೆ ಹೋಗುತ್ತಾರೆ, ಬೆಂಗಳೂರಿಗೆ, ಮುಂಬಯಿಗೆ, ಪುಣೆಗೆ. ಎಳ್ಳಮವಾಸ್ಯೆ ಮುಗಿದು ಹೊಲದ ಕೆಲಸ ತೀರಿತೆಂದರೆ ಶಹಾಪುರದ ಬಸ್ ನಿಲ್ದಾಣದಲ್ಲಿ ಅವರ ಗಂಟುಗಳು ಕಾಣುತ್ತವೆ. ತಿಂಗಳಾದರೂ ಕೆಡದ ಕಡಕ್ ರೊಟ್ಟಿ ಒಂದು ಗಂಟಿನಲ್ಲಿ, ವರ್ಷವಾದರೂ ಕೆಡದ ಖಾರ ಒಂದು ಡಬ್ಬಿಯಲ್ಲಿ. ಕಟ್ಟಡದ ಕೆಲಸದ ಶೆಡ್ಡಿನಲ್ಲಿ ಒಲೆ ಹೊತ್ತದ ರಾತ್ರಿಯೂ ಅವೆರಡು ಇದ್ದರೆ ಊಟವಾಯಿತು. ಚರಗ ಚೆಲ್ಲಲು ಅಲ್ಲಿ ಅವರಿಗೆ ಹೊಲವಿಲ್ಲ. ಆದರೂ ಮೊದಲ ತುತ್ತನ್ನು ಪಕ್ಕಕ್ಕೆ ತೆಗೆದಿಟ್ಟು ಉಣ್ಣುವವರನ್ನು ನಾನು ಬೆಂಗಳೂರಿನಲ್ಲಿ ನೋಡಿದ್ದೇನೆ. ಆ ತುತ್ತಿನಲ್ಲಿಯೂ ಒಂದಿಷ್ಟು ಕೆಂಪು ಖಾರವಿತ್ತು.