ವಸಂತದ ಕಿರುಪ್ರವಾಸ: ಮಲೆನಾಡೋ, ಕಡಲತೀರವೋ? ಮುಂಗಡ ಕೊಡುವ ಮುನ್ನ ತಿಳಿದಿರಬೇಕಾದದ್ದು

ಪ್ರತಿ ವರ್ಷ ಮಾರ್ಚ್ ತಿಂಗಳ ಉತ್ತರಾರ್ಧದಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಮನೆಗಳಲ್ಲಿ ಒಂದೇ ಬಗೆಯ ಚರ್ಚೆ ಆರಂಭವಾಗುತ್ತದೆ. ಮಕ್ಕಳ ಪರೀಕ್ಷೆಗಳು ಮುಗಿಯುವ ಹೊತ್ತು. ಯುಗಾದಿಯೋ ಗುಡ್ ಫ್ರೈಡೆಯೋ ವಾರಾಂತ್ಯಕ್ಕೆ ಹೊಂದಿಕೊಂಡು ಬಂದರೆ ಎರಡು-ಮೂರು ದಿನಗಳ ಬಿಡುವು. ಮಲೆನಾಡಿಗೆ ಹೋಗುವುದೇ ಕರಾವಳಿಗೆ ಹೋಗುವುದೇ ಎಂಬುದು ಹೇಗೋ ಇತ್ಯರ್ಥವಾಗುತ್ತದೆ. ಎಲ್ಲಿ ಉಳಿದುಕೊಳ್ಳುವುದು ಎಂಬ ಪ್ರಶ್ನೆ ಬಂದಾಗ ಮಾತ್ರ ಹೆಚ್ಚಿನವರು ಅಂತರಜಾಲದಲ್ಲಿ ಕಂಡ ಚಿತ್ರಗಳನ್ನೇ ನಂಬಿ ಮುಂಗಡ ಪಾವತಿಸಿಬಿಡುತ್ತಾರೆ.

ಆ ಚಿತ್ರಗಳಲ್ಲಿ ಅನೇಕವು ಮಳೆಗಾಲ ಮುಗಿದ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತೆಗೆದವು. ತುಂಬಿ ಹರಿಯುವ ಹೊಳೆ, ಮಂಜು ಮುಸುಕಿದ ಗುಡ್ಡ, ಹಸಿರು ಹಾಸಿದ ಅಂಗಳ. ನೀವು ಹೋಗುವುದು ಏಪ್ರಿಲ್‌ನಲ್ಲಿ. ಈ ವರದಿಗಾರನೂ ಒಮ್ಮೆ ‘ಹೊಳೆಬದಿಯ ಕುಟೀರ’ ಎಂಬ ಜಾಹೀರಾತನ್ನು ನಂಬಿ ಏಪ್ರಿಲ್‌ನಲ್ಲಿ ಕುಟುಂಬ ಸಮೇತ ಹೋಗಿದ್ದುಂಟು. ಹೊಳೆ ಇರಬೇಕಾದ ಕಡೆ ಬಂಡೆಗಳಿದ್ದವು. ಸ್ನಾನಕ್ಕೆ ಟ್ಯಾಂಕರ್ ಬರುವವರೆಗೆ ಕಾಯಬೇಕಾಯಿತು. ಮಾಲೀಕರು ಸುಳ್ಳು ಹೇಳಿರಲಿಲ್ಲ. ಏಪ್ರಿಲ್‌ನಲ್ಲಿ ಹೊಳೆ ಹೇಗಿರುತ್ತದೆ ಎಂದು ನಾವೇ ಕೇಳಿರಲಿಲ್ಲ.

ವಸಂತದಲ್ಲಿ ಯಾವ ಪ್ರದೇಶ ಹೇಗಿರುತ್ತದೆ, ಅಲ್ಲಿ ಎಂತಹ ವಸತಿ ಅನುಕೂಲ, ಹಣ ಕೊಡುವ ಮುನ್ನ ಏನನ್ನು ಕೇಳಬೇಕು ಎಂಬುದರ ಮಾಹಿತಿ ಇಲ್ಲಿದೆ.

ಮಲೆನಾಡು, ಕೊಡಗು: ಏನುಂಟು, ಏನಿಲ್ಲ

ಕಾಫಿ ನಾಡಿನಲ್ಲಿ ವಸಂತದ ನಿಜವಾದ ಆಕರ್ಷಣೆ ಕಾಫಿ ಹೂವು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬೀಳುವ ‘ಹೂಮಳೆ’ಯ ನಂತರ ಸುಮಾರು ಎಂಟು-ಹತ್ತು ದಿನಗಳಲ್ಲಿ ತೋಟಗಳು ಬೆಳ್ಳಗೆ ಅರಳುತ್ತವೆ. ಮಲ್ಲಿಗೆಯನ್ನು ಹೋಲುವ ಪರಿಮಳ ಇಡೀ ಊರನ್ನು ಆವರಿಸುತ್ತದೆ. ಆದರೆ ಈ ಸೊಬಗು ಮೂರು-ನಾಲ್ಕು ದಿನಗಳದ್ದು ಮಾತ್ರ. ರೊಬಸ್ಟಾ ತೋಟಗಳಲ್ಲಿ ಬೆಳೆಗಾರರು ಸ್ಪ್ರಿಂಕ್ಲರ್ ಮೂಲಕ ನೀರು ಹಾಯಿಸಿ ಹೂ ಬಿಡಿಸುವುದೂ ಉಂಟು. ಹಾಗಾಗಿ ತೋಟದ ನಡುವಿನ ಹೋಂಸ್ಟೇಗೆ ಹೋಗುವವರು ‘ನಿಮ್ಮಲ್ಲಿ ಮಳೆ ಬಿದ್ದು ಎಷ್ಟು ದಿನವಾಯಿತು?’ ಎಂದು ವಿಚಾರಿಸಿ ದಿನ ಗೊತ್ತುಮಾಡಿದರೆ ಹೂವು ಕಾಣುವ ಸಾಧ್ಯತೆ ಹೆಚ್ಚು.

ಜಲಪಾತಗಳ ಮೇಲೆ ಆಸೆ ಇಟ್ಟುಕೊಂಡು ಈ ಕಾಲದಲ್ಲಿ ಹೊರಡುವುದು ಸೂಕ್ತವಲ್ಲ. 253 ಮೀಟರ್ ಎತ್ತರದ ಜೋಗದಲ್ಲಿಯೂ ಬೇಸಿಗೆಯಲ್ಲಿ ಸಣ್ಣ ಧಾರೆಗಳು ಕಂಡರೆ ಹೆಚ್ಚು. ಶರಾವತಿಯ ನೀರನ್ನು ಮೇಲ್ಭಾಗದ ಲಿಂಗನಮಕ್ಕಿ ಅಣೆಕಟ್ಟು ಹಿಡಿದಿಟ್ಟಿರುತ್ತದೆ. ಚಾರಣಿಗರಿಗೂ ಇದು ಅಡಚಣೆಯ ಕಾಲ. ಕಾಳ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆಯು ಬೇಸಿಗೆಯಲ್ಲಿ ಹಲವು ಚಾರಣ ಮಾರ್ಗಗಳನ್ನು ಮುಚ್ಚುತ್ತದೆ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿ ಉಂಟಾದ ಬಳಿಕ ಚಾರಣಗಳಿಗೆ ಆನ್‌ಲೈನ್ ನೋಂದಣಿಯ ವ್ಯವಸ್ಥೆ ಬಂದಿತು. ಮುಳ್ಳಯ್ಯನಗಿರಿ ಕಡೆಗೆ ವಾಹನದಲ್ಲಿ ಹೋಗುವವರಿಗೂ 2025ರ ಸೆಪ್ಟೆಂಬರ್‌ನಿಂದ ಮುಂಗಡ ನೋಂದಣಿಯನ್ನು ಜಾರಿಗೆ ತರಲಾಯಿತು. ಕೊಠಡಿ ಸಿಕ್ಕಿದ ಮಾತ್ರಕ್ಕೆ ಗುಡ್ಡ ಹತ್ತಲು ಅನುಮತಿ ಸಿಕ್ಕಿತೆಂದು ಭಾವಿಸಬಾರದು.

ಕಾಡಂಚಿನ ವಸತಿಗೃಹಗಳ ವಿಷಯದಲ್ಲೂ ಇದೇ ಮಾತು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳ ಬೆನ್ನಲ್ಲೇ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನು ಸ್ಥಗಿತಗೊಳಿಸಿದಾಗ, ಸಫಾರಿಗೆಂದೇ ಕೊಠಡಿ ಕಾದಿರಿಸಿದ್ದವರು ಯೋಜನೆ ಬದಲಿಸಬೇಕಾಯಿತು. ಸಫಾರಿಯೇ ಉದ್ದೇಶವಾಗಿದ್ದರೆ, ಅದು ರದ್ದಾದಲ್ಲಿ ಹಣ ಮರಳುವುದೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಮಲೆನಾಡಿನ ಬೇಸಿಗೆಯಲ್ಲಿ ಇಂಬಳದ ಕಾಟವಿಲ್ಲ. ಆದರೆ ಉಣುಗಿನ ಬಗ್ಗೆ ಎಚ್ಚರ ಅಗತ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಅದರ ಪ್ರಕರಣಗಳು ಕಾಣಿಸಿಕೊಳ್ಳುತ್ತವೆ. ಆ ವರ್ಷ ಸುತ್ತಮುತ್ತ ಮಂಗಗಳು ಸತ್ತಿವೆಯೇ ಎಂದು ಆತಿಥೇಯರನ್ನು ಕೇಳಲು ಸಂಕೋಚ ಬೇಡ. ಕಾಡಿನೊಳಗೆ ಅಲೆಯುವುದಾದರೆ ಮೈ ಮುಚ್ಚುವ ಬಟ್ಟೆ ಇರಲಿ. ಊರಿಗೆ ಮರಳಿದ ವಾರದೊಳಗೆ ಜ್ವರ, ತೀವ್ರ ತಲೆನೋವು ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ತಿಳಿಸಬೇಕು. ಕೊಡಗು, ಸಕಲೇಶಪುರ, ಮೂಡಿಗೆರೆ ಭಾಗದ ತೋಟಗಳಲ್ಲಿ ಕಾಡಾನೆಗಳ ಸಂಚಾರವಿರುವುದರಿಂದ ಮುಂಜಾನೆ ಮತ್ತು ಮುಸ್ಸಂಜೆಯ ವಾಕಿಂಗ್‌ಗೆ ಮನೆಯವರ ಒಪ್ಪಿಗೆ ಪಡೆಯುವುದು ಒಳಿತು.

ಕರಾವಳಿ: ಬೆಳಿಗ್ಗೆ ಮತ್ತು ಸಂಜೆಯ ಸುಖ

ಸುಮಾರು 320 ಕಿ.ಮೀ. ಉದ್ದದ ನಮ್ಮ ಕರಾವಳಿಯಲ್ಲಿ ಮಾರ್ಚ್-ಏಪ್ರಿಲ್‌ನ ಮಧ್ಯಾಹ್ನ ಹೊರಗೆ ತಿರುಗಾಡುವಂತಿಲ್ಲ. ತಾಪಮಾನಕ್ಕಿಂತಲೂ ಗಾಳಿಯ ತೇವಾಂಶದಿಂದ ಬರುವ ಸೆಕೆ ಜನರನ್ನು ಹಣ್ಣು ಮಾಡುತ್ತದೆ. ಬೆಳಿಗ್ಗೆ ಹತ್ತರೊಳಗೆ, ಸಂಜೆ ನಾಲ್ಕೂವರೆಯ ಮೇಲೆ ಕಡಲು. ನಡುವಿನ ಹೊತ್ತು ಕೊಠಡಿ. ದಿನದ ಅರ್ಧ ಭಾಗ ಕೊಠಡಿಯಲ್ಲೇ ಕಳೆಯಬೇಕಾಗಿರುವುದರಿಂದ ಇಲ್ಲಿ ಕೊಠಡಿಯ ಗುಣಮಟ್ಟಕ್ಕೆ ಮಲೆನಾಡಿಗಿಂತ ಹೆಚ್ಚು ಮಹತ್ವ ಕೊಡಬೇಕು. ಎ.ಸಿ. ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ವಿದ್ಯುತ್ ಹೋದಾಗ ಜನರೇಟರ್‌ನಿಂದ ಎ.ಸಿ. ಓಡುತ್ತದೆಯೇ, ಬರೀ ದೀಪ-ಫ್ಯಾನ್‌ಗಳೇ ಎಂಬುದನ್ನೂ ಕೇಳಬೇಕು. ತೀರಕ್ಕೆ ಹತ್ತಿರದ ಬಾವಿಗಳಲ್ಲಿ ಬೇಸಿಗೆ ಬಲಿತಂತೆ ಉಪ್ಪುನೀರು ಸೇರುವುದರಿಂದ ನೀರಿನ ಮೂಲವನ್ನು ವಿಚಾರಿಸುವುದೂ ಮುಖ್ಯ.

‘ಬೀಚ್‌ಗೆ ಐದು ನಿಮಿಷ’ ಎಂಬ ಮಾತಿಗೆ ಹಲವು ಅರ್ಥಗಳಿವೆ. ನಡೆದು ಐದು ನಿಮಿಷವೋ, ಕಾರಿನಲ್ಲೋ? ನಡುವೆ ರಾಷ್ಟ್ರೀಯ ಹೆದ್ದಾರಿ 66 ದಾಟಬೇಕೇ? ಗೋಕರ್ಣದ ಕೂಡ್ಲೆ, ಓಂ ತೀರಗಳ ಕೆಲವು ವಸತಿಗಳಿಗೆ ಮೆಟ್ಟಿಲಿಳಿದು ಹೋಗಬೇಕು. ಹಾಫ್ ಮೂನ್ ಮತ್ತು ಪ್ಯಾರಡೈಸ್ ತೀರಗಳಿಗೆ ಕಾಲುದಾರಿ ಅಥವಾ ದೋಣಿಯೇ ಗತಿ. ವಯಸ್ಸಾದ ತಂದೆತಾಯಿಯರೊಂದಿಗೆ ಹೊರಟವರಿಗೆ ಇಂತಹ ಸ್ಥಳ ಹೊಂದುವುದಿಲ್ಲ. ಅಂತಹವರಿಗೆ ಹಾಗೂ ಚಿಕ್ಕ ಮಕ್ಕಳಿರುವವರಿಗೆ ಹೊನ್ನಾವರ ಬಳಿಯ ಕಾಸರಕೋಡ ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿಯ ಆಸುಪಾಸು ಉತ್ತಮ. ಸ್ವಚ್ಛತೆ, ಸುರಕ್ಷತೆ ಸೇರಿದಂತೆ 33 ಮಾನದಂಡಗಳನ್ನು ಆಧರಿಸಿ ನೀಡುವ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಈ ಎರಡೂ ತೀರಗಳಿಗೆ 2020ರ ಅಕ್ಟೋಬರ್‌ನಲ್ಲಿ ದೊರೆತಿತ್ತು.

ಕರಾವಳಿಯ ವಸಂತಕ್ಕೆ ತನ್ನದೇ ಲಾಭಗಳೂ ಇವೆ. ಯಕ್ಷಗಾನ ಮೇಳಗಳ ತಿರುಗಾಟ ಮೇ ಉತ್ತರಾರ್ಧದ ಪತ್ತನಾಜೆಯವರೆಗೂ ನಡೆಯುತ್ತದೆ. ರಾತ್ರಿ ಸಮೀಪದಲ್ಲಿ ಆಟವಿದೆಯೇ ಎಂದು ಕೇಳಿದರೆ ಮನೆಯವರು ಹೇಳುತ್ತಾರೆ. ಜೂನ್-ಜುಲೈಯ ಮೀನುಗಾರಿಕೆ ನಿಷೇಧ ಇನ್ನೂ ದೂರವಿರುವುದರಿಂದ ತಾಜಾ ಮೀನು ಸಿಗುತ್ತದೆ. ಉತ್ತರ ಕನ್ನಡದ ಮನೆಗಳಲ್ಲಿ ಅಪ್ಪೆಹುಳಿ ಸವಿಯಲು ಇದೇ ಕಾಲ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ದೋಣಿಗಳು ಮೇ ಮಧ್ಯಭಾಗದಲ್ಲಿ ನಿಲ್ಲುವುದರಿಂದ ಅದಕ್ಕೂ ಮೊದಲು ಹೋಗುವುದು ಲೇಸು.

ನೀರಿನ ಬಳಿ ಎಚ್ಚರ

ವಸತಿಗೃಹದ ಆಯ್ಕೆ ಜೀವದ ಪ್ರಶ್ನೆಯೂ ಹೌದೆಂಬುದನ್ನು 2024ರ ಎರಡು ದುರಂತಗಳು ತೋರಿಸಿಕೊಟ್ಟವು. ಆ ವರ್ಷದ ನವೆಂಬರ್ 17ರಂದು ಮಂಗಳೂರು ಹೊರವಲಯದ ಸೋಮೇಶ್ವರದ ಖಾಸಗಿ ರೆಸಾರ್ಟ್‌ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಮೃತಪಟ್ಟರು. ಕೊಳದಲ್ಲಿ ಆಳದ ಸೂಚನೆ ಇರಲಿಲ್ಲ, ಜೀವರಕ್ಷಕರೂ ಇರಲಿಲ್ಲ ಎಂದು ಪೊಲೀಸರು ತಿಳಿಸಿದ್ದರು. ಮರುತಿಂಗಳು ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ಅಸುನೀಗಿದರು. ಬಳಿಕ ಆ ತೀರವನ್ನು ಕೆಲಕಾಲ ಮುಚ್ಚಲಾಗಿತ್ತು.

ಈಜುಕೊಳವಿರುವ ವಸತಿಗೃಹವಾದರೆ ಆಳ ಎಷ್ಟು, ಇಳಿಜಾರು ಎಲ್ಲಿಂದ ಆರಂಭ, ಮೇಲ್ವಿಚಾರಕರು ಯಾವ ಹೊತ್ತಿನಲ್ಲಿರುತ್ತಾರೆ ಎಂದು ಕೇಳಬೇಕು. ‘ನೀವೇ ನೋಡಿಕೊಳ್ಳಬೇಕು’ ಎಂಬ ಉತ್ತರ ಬಂದರೆ ಮಕ್ಕಳಿರುವ ಕುಟುಂಬಕ್ಕೆ ಆ ಜಾಗ ಬೇಡ. ಕಡಲಿನಲ್ಲಿ ಅಲೆಗಳು ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ಕೆಲವೊಮ್ಮೆ ಅಪಾಯದ ಜಾಗ. ದಡಕ್ಕೆ ಬಂದ ನೀರು ಅಲ್ಲಿಂದಲೇ ರಭಸವಾಗಿ ಹಿಂದಕ್ಕೆ ಹರಿಯುತ್ತಿರುತ್ತದೆ. ಸೆಳೆತಕ್ಕೆ ಸಿಕ್ಕಿದವರು ನೇರ ದಡದತ್ತ ಸೆಣಸದೆ, ತೀರಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಜೀವರಕ್ಷಕರಿಲ್ಲದ ತೀರದಲ್ಲಿ ನೀರಿಗಿಳಿಯದಿರುವುದೇ ಕ್ಷೇಮ.

ಹೋಂಸ್ಟೇ, ರೆಸಾರ್ಟ್, ಸರ್ಕಾರಿ ವಸತಿ

ಹೋಂಸ್ಟೇ ಎಂದರೆ ಮಾಲೀಕರ ಕುಟುಂಬ ವಾಸವಿರುವ ಮನೆಯ ಕೆಲವು ಕೊಠಡಿಗಳನ್ನು ಅತಿಥಿಗಳಿಗೆ ಕೊಡುವ ವ್ಯವಸ್ಥೆ. ಕಾವಲುಗಾರನೊಬ್ಬನನ್ನು ಬಿಟ್ಟು ಮಾಲೀಕರು ಬೆಂಗಳೂರಿನಲ್ಲಿರುವ ಬಂಗಲೆಗೂ ಅದೇ ಹೆಸರು ಚಾಲ್ತಿಯಲ್ಲಿದೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿದಾಗ ತಡವರಿಸುವವರಿಂದ ದೂರವಿರುವುದು ಒಳ್ಳೆಯದು. ನಾಳೆ ಏನಾದರೂ ಎಡವಟ್ಟಾದರೆ ದೂರು ಕೊಡಲು ಆ ಸಂಖ್ಯೆಯೇ ಆಧಾರ. ಅಕ್ಕಿರೊಟ್ಟಿ, ಕಡುಬಿನ ಮನೆಯೂಟ ಮತ್ತು ಊರಿನ ಮಾತುಕತೆ ಬೇಕಿದ್ದವರಿಗೆ ಹೋಂಸ್ಟೇ ಸರಿ. ಏಕಾಂತ, ಆಟದ ಸೌಕರ್ಯ, ಹೊತ್ತಲ್ಲದ ಹೊತ್ತಿನಲ್ಲಿ ತಿಂಡಿ ಬೇಕೆನ್ನುವವರಿಗೆ ರೆಸಾರ್ಟ್ ಸರಿ.

ಮೂರನೆಯ ಆಯ್ಕೆಯನ್ನು ಹಲವರು ಮರೆಯುತ್ತಾರೆ. ಜೋಗ, ಮಡಿಕೇರಿ ಮುಂತಾದೆಡೆ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ‘ಮಯೂರ’ ಹೋಟೆಲ್‌ಗಳಿವೆ. 1980ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ಕಬಿನಿಯಂತಹ ಕಾಡಂಚಿನಲ್ಲೂ ಕಾರವಾರದ ದೇವಬಾಗ್‌ನಲ್ಲೂ ವಸತಿ ನಡೆಸುತ್ತದೆ. ಮಯೂರ ಹೋಟೆಲ್‌ಗಳಲ್ಲಿ ನಯನಾಜೂಕು ಕಡಿಮೆಯಿದ್ದರೂ ಕಟ್ಟಡಗಳಿರುವ ಜಾಗ ಮಾತ್ರ ಆಯಕಟ್ಟಿನದು.

ದರ, ತೆರಿಗೆ, ಮುಂಗಡ

ಕೊಡಗು, ಚಿಕ್ಕಮಗಳೂರು ಕಡೆಯ ಹೋಂಸ್ಟೇಗಳಲ್ಲಿ ಊಟ-ತಿಂಡಿ ಸೇರಿಸಿ ತಲೆಗಿಷ್ಟು ಎಂಬ ದರ ಸಾಮಾನ್ಯ. ಕರಾವಳಿಯ ಹೋಟೆಲ್‌ಗಳಲ್ಲಿ ಕೊಠಡಿಗಿಷ್ಟು. ಎರಡನ್ನೂ ಹೋಲಿಸುವಾಗ ಇಡೀ ಕುಟುಂಬದ ಒಟ್ಟು ಖರ್ಚನ್ನು ಲೆಕ್ಕ ಹಾಕಬೇಕು. ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ರಿಯಾಯಿತಿ, ಚಾಲಕರಿಗೆ ಊಟ-ವಸತಿ ಇದೆಯೇ ಎಂಬುದೂ ಲೆಕ್ಕದಲ್ಲಿರಲಿ.

ದಿನಕ್ಕೆ 7,500 ರೂ.ವರೆಗಿನ ಕೊಠಡಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ಅದನ್ನು ಮೀರಿದರೆ ಶೇ 18. ಹೀಗಾಗಿ 7,500 ರೂ. ಕೊಠಡಿಗೆ ತೆರಿಗೆ ಸೇರಿ 7,875 ರೂ. ಆದರೆ, 8,000 ರೂ. ಕೊಠಡಿಗೆ 9,440 ರೂ. ತೆರಬೇಕು. ಐನೂರರ ವ್ಯತ್ಯಾಸ ಬಿಲ್‌ನಲ್ಲಿ ಒಂದೂವರೆ ಸಾವಿರ ದಾಟುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದವರು ಗ್ರಾಹಕರಿಂದ ಆ ತೆರಿಗೆ ವಸೂಲಿ ಮಾಡುವಂತಿಲ್ಲ. ಊಟದ ಬಿಲ್‌ಗೆ ‘ಸೇವಾ ಶುಲ್ಕ’ವನ್ನು ಕಡ್ಡಾಯವಾಗಿ ಸೇರಿಸಬಾರದೆಂಬ 2022ರ ಕೇಂದ್ರೀಯ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು.

ಹೆಸರಾಂತ ವಸತಿಗೃಹಗಳ ಹೆಸರಿನಲ್ಲಿ ನಕಲಿ ಜಾಲತಾಣ ತೆರೆದು ಮುಂಗಡ ದೋಚುವ ದಂಧೆಯೂ ಇದೆ. ಭಾರಿ ರಿಯಾಯಿತಿ ತೋರಿಸಿ, ಈಗಲೇ ಪೂರ್ತಿ ಹಣ ಕಳಿಸಿ ಎಂದು ಅವಸರಿಸಿದರೆ ಅನುಮಾನಿಸಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸೇವೆಯಲ್ಲಿ ಲೋಪವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಉಳಿದುಕೊಂಡ ಊರಿಗೇ ಅಲೆಯದೆ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು.

ದಾರಿಯ ಲೆಕ್ಕ

ಎರಡು ರಾತ್ರಿಗಳ ಪ್ರವಾಸದಲ್ಲಿ ದೂರವೇ ದೊಡ್ಡ ಖರ್ಚು. ಬೆಂಗಳೂರಿನಿಂದ ಸಕಲೇಶಪುರ ಸುಮಾರು 220 ಕಿ.ಮೀ., ಮಡಿಕೇರಿ 260 ಕಿ.ಮೀ., ಉಡುಪಿ 400 ಕಿ.ಮೀ. ಆಸುಪಾಸು. ಗೋಕರ್ಣ ಇನ್ನೂ ದೂರ. ಕರಾವಳಿಗೆ ರಾತ್ರಿ ರೈಲು ಹಿಡಿದರೆ ಒಂದು ಹಗಲು ಉಳಿಯುತ್ತದೆ. ಬೆಂಗಳೂರು-ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್‌ ಉಡುಪಿಯ ಮೂಲಕವೇ ಸಾಗುತ್ತದೆ. ರೈಲ್ವೆ ಮುಂಗಡ ಕಾದಿರಿಸುವಿಕೆಯ ಅವಧಿ 2024ರ ನವೆಂಬರ್‌ನಿಂದ 60 ದಿನಗಳಿಗೆ ಇಳಿದಿರುವುದರಿಂದ ಮೊದಲು ಟಿಕೆಟ್, ಆಮೇಲೆ ಕೊಠಡಿ ಎಂಬ ಕ್ರಮ ಒಳ್ಳೆಯದು. ಬಂಡೀಪುರ ಅರಣ್ಯದೊಳಗಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ ಎಂಬುದನ್ನು ಆ ಕಡೆ ಹೊರಟವರು ಮರೆಯಬಾರದು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯಂತಹ ಸಂದರ್ಭಗಳಲ್ಲಿ ಇಡೀ ತಾಲ್ಲೂಕಿನಲ್ಲಿ ಕೊಠಡಿ ಸಿಗುವುದು ದುರ್ಲಭ.

ಫೋನಿನಲ್ಲಿ ಕೇಳಬೇಕಾದ ಎಂಟು ಪ್ರಶ್ನೆಗಳು

1. ಮಾಲೀಕರು ಅಥವಾ ಜವಾಬ್ದಾರಿಯುಳ್ಳವರು ರಾತ್ರಿ ಅಲ್ಲಿಯೇ ಇರುತ್ತಾರೆಯೇ? ನೋಂದಣಿ ಸಂಖ್ಯೆ ಏನು?
2. ಈ ತಿಂಗಳು ನೀರು ಎಲ್ಲಿಂದ ಬರುತ್ತದೆ? ಹೊಳೆಯಲ್ಲಿ ಈಗ ನೀರಿದೆಯೇ?
3. ವಿದ್ಯುತ್ ಹೋದರೆ ಏನೇನು ನಡೆಯುತ್ತದೆ?
4. ಮುಖ್ಯರಸ್ತೆಯಿಂದ ಎಷ್ಟು ದೂರ? ಸಣ್ಣ ಕಾರು ಬಾಗಿಲವರೆಗೆ ಬರುತ್ತದೆಯೇ, ಜೀಪು ಬೇಕೇ?
5. ಮೊಬೈಲ್ ಸಿಗ್ನಲ್ ಇದೆಯೇ? ಹತ್ತಿರದ ಆಸ್ಪತ್ರೆ ಎಷ್ಟು ದೂರ?
6. ಈಜುಕೊಳ, ಹೊಳೆ, ಕಡಲು ಎಲ್ಲಿದ್ದರೂ ಕಾಯುವವರು ಯಾರು?
7. ತೆರಿಗೆ, ಊಟ, ಮಕ್ಕಳು ಎಲ್ಲ ಸೇರಿ ಒಟ್ಟು ಎಷ್ಟು?
8. ರದ್ದುಮಾಡಿದರೆ ಎಷ್ಟು ಹಣ, ಎಷ್ಟು ದಿನದಲ್ಲಿ ಮರಳುತ್ತದೆ?

ಉತ್ತರಗಳನ್ನು ವಾಟ್ಸ್ಆ್ಯಪ್‌ ಅಥವಾ ಇ-ಮೇಲ್ ಮೂಲಕ ಬರಹದಲ್ಲಿ ತರಿಸಿಕೊಳ್ಳಿ. ಜೊತೆಗೆ ಅದೇ ವಾರ ತೆಗೆದ ಎರಡು ಚಿತ್ರಗಳನ್ನು ಕೇಳಿ: ಕೊಠಡಿಯ ಕಿಟಕಿಯಿಂದ ಕಾಣುವ ನೋಟ ಮತ್ತು ಸ್ನಾನಗೃಹ. ಪ್ರಾಮಾಣಿಕವಾಗಿ ವಸತಿಗೃಹ ನಡೆಸುವವರು ಇದಕ್ಕೆ ಬೇಸರಿಸುವುದಿಲ್ಲ. ಹೊಳೆ ಬತ್ತಿದೆ ಎಂದು ಮೊದಲೇ ಹೇಳುವ ಮಾಲೀಕರು ಸಿಕ್ಕರೆ ಅಲ್ಲಿಯೇ ಕೊಠಡಿ ಕಾದಿರಿಸಿ. ಉಳಿದ ವಿಷಯಗಳಲ್ಲಿಯೂ ಅವರು ನಿಜವನ್ನೇ ಹೇಳುವ ಸಂಭವ ಹೆಚ್ಚು.