ಯಾರಿಗಾಗಿ ಕಾಯುತ್ತಿದೆ ಈ ಕಂಪ್ಯೂಟರು?

ನನ್ನ ಕ್ಷೇತ್ರಕಾರ್ಯದ ಧ್ವನಿಮುದ್ರಣಗಳೆಲ್ಲ ಇರುವುದು ವಿಭಾಗದ ಒಂದು ಹಳೆಯ ಲಿನಕ್ಸ್ ಯಂತ್ರದಲ್ಲಿ. ಕಳೆದ ಮಳೆಗಾಲದಲ್ಲಿ ಅದನ್ನು ಬೇರೆ ಕೋಣೆಗೆ ಸಾಗಿಸಿದ ಮೇಲೆ, ಗುಂಡಿ ಒತ್ತಿ ಮೂರು ನಿಮಿಷ ಕಳೆದರೂ ಲಾಗಿನ್ ಪರದೆ ಬರುತ್ತಿರಲಿಲ್ಲ. ಹಾರ್ಡ್ ಡಿಸ್ಕ್ ಕೈಕೊಡುತ್ತಿದೆ ಎಂದೇ ಹೆದರಿ, ರಾತ್ರಿಯೆಲ್ಲ ಕೂತು ಪ್ರತಿ ಮಾಡಿಕೊಂಡೆ. ಪರದೆಯ ಮೇಲೆ ಓಡುತ್ತಿದ್ದ ಸಾಲನ್ನು ಸಮಾಧಾನದಿಂದ ಓದಿದ್ದು ಮರುದಿನ. ಯಂತ್ರ ನೆಟ್‌ವರ್ಕಿಗಾಗಿ ಕಾಯುತ್ತಿತ್ತು. ಹೊಸ ಕೋಣೆಯಲ್ಲಿ ಕೇಬಲ್ಲೇ ಇರಲಿಲ್ಲ.

ತನ್ನ ಹೊಟ್ಟೆಯೊಳಗೇ ಎಲ್ಲವನ್ನೂ ಇಟ್ಟುಕೊಂಡ ಯಂತ್ರ ಹೊರಗಿನ ತಂತಿಗೆ ಯಾಕೆ ಕಾಯಬೇಕು? ಉತ್ತರ 1980ರ ದಶಕದಲ್ಲಿದೆ. ಸನ್ ಮೈಕ್ರೋಸಿಸ್ಟಮ್ಸ್ ಆ ದಶಕದ ನಡುವೆ ಎನ್‌ಎಫ್‌ಎಸ್ ತಂದಿತು. ಕಡತಗಳು ಇನ್ನೆಲ್ಲೋ ಇರುವ ಸರ್ವರಿನಲ್ಲಿದ್ದರೂ ನಮ್ಮದೇ ಡಿಸ್ಕಿನಲ್ಲಿದ್ದಂತೆ ಕಾಣುವ ಏರ್ಪಾಡು ಅದು. ಬಳಕೆದಾರರ ಮನೆಯೇ ಸರ್ವರಿನಲ್ಲಿದ್ದಾಗ ತಂತಿ ಜೀವಂತವಾಗದೆ ಲಾಗಿನ್ ಆಗಿ ಏನು ಪ್ರಯೋಜನ? ಅಂದಿನ ಕಾಯುವಿಕೆಗೆ ಅರ್ಥವಿತ್ತು.

1983ರ ಸಿಸ್ಟಮ್ ಫೈವ್ ಯುನಿಕ್ಸ್‌ನಿಂದ ಬಂದ ಇನಿಟ್ ಪದ್ಧತಿ ಆರಂಭದ ಕೆಲಸಗಳನ್ನು ಸಾಲಾಗಿ ನಡೆಸುತ್ತಿತ್ತು. ರೆಡ್ ಹ್ಯಾಟ್ ಲಿನಕ್ಸಿನಲ್ಲಿ ನೆಟ್‌ವರ್ಕಿನ ಸರದಿ 10, ದೂರದ ಕಡತಗಳನ್ನು ಜೋಡಿಸುವ ಕೆಲಸದ ಸರದಿ 25. ಪಂಕ್ತಿಯಲ್ಲಿ ಒಬ್ಬರ ಎಲೆಗೆ ಪೂರ್ತಿ ಬಡಿಸಿ ಮುಗಿಸಿದ ಮೇಲೆಯೇ ಮುಂದಿನ ಎಲೆ. ವಿಳಾಸವನ್ನು ಕಡತದಲ್ಲೇ ಬರೆದಿಟ್ಟಿದ್ದ ಕಾಲದಲ್ಲಿ ಇದು ನಡೆಯಿತು. 1990ರ ದಶಕದಲ್ಲಿ ಡಿಎಚ್‌ಸಿಪಿ ಬಂದ ಮೇಲೆ ವಿಳಾಸವನ್ನು ಬೇರೆಯವರಲ್ಲಿ ಕೇಳಿ ಪಡೆಯಬೇಕಾಯಿತು. ಅತ್ತಲಿಂದ ಉತ್ತರ ಬಾರದಿದ್ದರೆ ಇಡೀ ಪಂಕ್ತಿಯೇ ಹಸಿದು ಕೂರಬೇಕು.

ಲ್ಯಾಪ್‌ಟಾಪು, ವೈಫೈಗಳು ಬಂದು ನೆಟ್‌ವರ್ಕೆಂಬುದೇ ಬಂದುಹೋಗುವ ನೆಂಟನಾಯಿತು. 2006ರಲ್ಲಿ ಉಬುಂಟು ಅಪ್‌ಸ್ಟಾರ್ಟ್ ಎಂಬ ಹೊಸ ವ್ಯವಸ್ಥೆಯನ್ನು ತಂದಿತು. ಸರದಿಯ ಸಂಖ್ಯೆ ಬಿಟ್ಟು ಘಟನೆಗಳನ್ನು ನೋಡಿ ಕೆಲಸ ಶುರುಮಾಡುವುದು ಅದರ ಬಗೆ. ಆದರೂ ಕಾಯುವುದು ತಪ್ಪಲಿಲ್ಲ. 2011ರ ಕೊನೆಯ ಉಬುಂಟು ಬಳಸಿದವರಿಗೆ ನೆನಪಿರಬಹುದು: ನೆಟ್‌ವರ್ಕಿಗೆ ಇನ್ನೂ 60 ಸೆಕೆಂಡು ಕಾಯುತ್ತೇನೆ ಎಂದು ಪರದೆಯೇ ಹೇಳುತ್ತಿತ್ತು.

2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಸಿಸ್ಟಮ್‌ಡಿಯ ವಿಚಾರವನ್ನು ಮುಂದಿಟ್ಟರು. ಮರುವರ್ಷ ಫೆಡೋರಾ 15 ಅದನ್ನು ಒಪ್ಪಿಕೊಂಡಿತು, 2015ರಲ್ಲಿ ಡೆಬಿಯನ್ ಮತ್ತು ಉಬುಂಟು ಕೂಡ. ಅದರ ಸುತ್ತ ನಡೆದ ಜಗಳ ಇಲ್ಲಿ ಬೇಡ. ನನಗೆ ಕುತೂಹಲವೆನಿಸಿದ್ದು ಅದು ಎದುರಿಸಿದ ಪ್ರಶ್ನೆ. ನೆಟ್‌ವರ್ಕ್ ಬಂತು ಎಂದರೆ ಏನು? ಕೇಬಲ್ ಚುಚ್ಚಿದ್ದೇ? ವಿಳಾಸ ಸಿಕ್ಕಿದ್ದೇ? ಹೊರಜಗತ್ತು ಮಾತಾಡಿದ್ದೇ? ಒಂದೇ ಉತ್ತರವಿಲ್ಲದ್ದರಿಂದ ಸಿಸ್ಟಮ್‌ಡಿಯಲ್ಲಿ ಎರಡು ಹೆಸರುಗಳಿವೆ. ನೆಟ್‌ವರ್ಕ್ ಟಾರ್ಗೆಟ್ ಎಂದರೆ ಅದನ್ನು ನೋಡಿಕೊಳ್ಳುವ ತಂತ್ರಾಂಶ ಎದ್ದಿದೆ ಎಂದಷ್ಟೇ. ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್ ನಿಜವಾಗಿ ಸಂಪರ್ಕ ಸಿಗುವವರೆಗೆ ಕಾಯಿಸುತ್ತದೆ, ಅದೂ ಯಾರಾದರೂ ಬೇಕೆಂದು ಕೇಳಿದರೆ ಮಾತ್ರ. ಸಿಸ್ಟಮ್‌ಡಿಯದೇ ನೆಟ್‌ವರ್ಕ್ ವ್ಯವಸ್ಥೆಯಲ್ಲಿ ಈ ಕಾಯುವಿಕೆಯ ಮಿತಿ 120 ಸೆಕೆಂಡು.

ಹಾಗಾದರೆ ನನ್ನ ಯಂತ್ರದಲ್ಲಿ ಕೇಳಿದವರು ಯಾರು? 'ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್' ಎಂಬ ಆಜ್ಞೆ ಕೊಟ್ಟೆ. ಅದು ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಹೇಳುತ್ತದೆ, ಯಾರಿಂದ ತಡವಾಯಿತೆಂದು ಹೇಳುವುದಿಲ್ಲ. ಅದನ್ನೇ ನಂಬಿ ಕಾಯುವ ಸೇವೆಯನ್ನು ಪೂರ್ತಿ ಮುಚ್ಚಿಬಿಡಿ ಎನ್ನುವ ಸಲಹೆ ಧಾರಾಳವಾಗಿ ಸಿಗುತ್ತದೆ; ನನಗದು ನೆಗಡಿಗೆ ಮೂಗು ಕೊಯ್ದಂತೆ ಕಂಡಿತು. 'ಕ್ರಿಟಿಕಲ್-ಚೈನ್' ಎಂಬ ಇನ್ನೊಂದು ಆಜ್ಞೆಯ ಸರಪಳಿ ಹಿಡಿದು ಹಿಂದಕ್ಕೆ ಹೋದೆ. ಲಾಗಿನ್ ಕಾಯುತ್ತಿದ್ದದ್ದು ದೂರದ ಕಡತಗಳಿಗೆ, ದೂರದ ಕಡತಗಳು ಕಾಯುತ್ತಿದ್ದದ್ದು ನೆಟ್‌ವರ್ಕಿಗೆ. ಎಫ್‌ಎಸ್‌ಟ್ಯಾಬ್ ಕಡತ ತೆರೆದರೆ ಕೊನೆಯಲ್ಲಿ ಒಂದು ಎನ್‌ಎಫ್‌ಎಸ್ ಸಾಲು! ನನಗಿಂತ ಮುಂಚೆ ಸಂಶೋಧನೆ ಮುಗಿಸಿ ಹೋದ ಅಕ್ಕ ಒಬ್ಬರು ಹಳೆಯ ಕೋಣೆಯ ಸರ್ವರಿನಲ್ಲಿದ್ದ ತಮ್ಮ ಟಿಪ್ಪಣಿಗಳಿಗಾಗಿ ಬರೆದದ್ದು. ಕೇಬಲ್ ಇದ್ದಷ್ಟು ದಿನ ಅದು ಸದ್ದಿಲ್ಲದೆ ನಡೆದಿತ್ತು.

ಅಳಿಸಲು ಮನಸ್ಸಾಗಲಿಲ್ಲ. ಸಾಲಿನ ಮೊದಲಿಗೆ ಒಂದು ಹ್ಯಾಶ್ ಗುರುತು ಹಾಕಿದೆ. ಈಗ ಯಂತ್ರ ಅರ್ಧ ನಿಮಿಷದೊಳಗೆ ಏಳುತ್ತದೆ. ಆ ಅಕ್ಕನಿಗೆ ಫೋನು ಮಾಡಿ ಹೇಳಿದರೆ, "ಆ ಟಿಪ್ಪಣಿ ಇನ್ನೂ ಇದೆಯೇನೋ ಅಲ್ಲಿ?" ಎಂದರು.